ಕುಡಿತ ಬಿಡುವವರ ಸಭೆ: ಹುಡುಕುವುದು ಹೇಗೆ, ಹೋಗುವುದು ಹೇಗೆ

ದಿನವೂ ಹೆಚ್ಚು ಕುಡಿಯುವವರು ಸಭೆಗಿಂತ ಮೊದಲು ವೈದ್ಯರನ್ನು ಕಾಣಬೇಕು. ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಇಲ್ಲದ್ದೆಲ್ಲ ಕಾಣತೊಡಗಿದರೆ ಜೀವಕ್ಕೇ ಅಪಾಯ. ಕೂಡಲೇ 108ಕ್ಕೆ ಕರೆ ಮಾಡಿ.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಸಭೆ ಹತ್ತಿರ ಎಲ್ಲಿದೆ ಎಂದು ಕಾರವಾರದ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ, ಇಲ್ಲವೇ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಶಿರಸಿ ಕಡೆಯ ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸೇವಾಪ್ರತಿನಿಧಿಯನ್ನು ಕೇಳಿ. ಆ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳಿವೆ. ಜಾಗ, ಸಮಯ ಬದಲಾಗುವುದುಂಟು, ಹೊರಡುವ ದಿನ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಘಟ್ಟ ಇಳಿದು ಕುಮಟೆಗೋ ಕಾರವಾರಕ್ಕೋ ಹೋಗುವವರು ವಾಪಸ್ ಬರುವ ಕೊನೆಯ ಬಸ್ಸನ್ನು ಮೊದಲೇ ನೋಡಿಡಿ. ಬಸ್ ತಪ್ಪಿದ ರಾತ್ರಿ ಸ್ಟ್ಯಾಂಡಿನ ಪಕ್ಕದ ಬಾರ್ ಬಹಳ ಹತ್ತಿರ.

ಎ.ಎ.ಗೆ ಶುಲ್ಕವಿಲ್ಲ. ಕಾಣಿಕೆ ಪೆಟ್ಟಿಗೆ ಬಂದರೆ ಹಾಕಬೇಕೆಂದೇನಿಲ್ಲ. ಸಭೆ ಸುಮಾರು ಒಂದರಿಂದ ಒಂದೂವರೆ ತಾಸು. ಊರು ಸಣ್ಣದು, ಪರಿಚಯದವರು ಸಿಕ್ಕಾರು ಎಂಬ ಅಂಜಿಕೆ ಸಹಜ. ಆದರೆ ಅವರೂ ಇದೇ ಕಾರಣಕ್ಕೆ ಬಂದವರು, ಕೇಳಿದ್ದನ್ನು ಹೊರಗೆ ಆಡಬಾರದೆಂಬುದೇ ಅಲ್ಲಿನ ಕಟ್ಟಳೆ. ಹೆಸರೊಂದು ಹೇಳಿದರೆ ಸಾಕು, ಅಡ್ಡಹೆಸರು ಬೇಡ. ಮಾತಿನ ಸರದಿ ಬಂದಾಗ “ಇವತ್ತು ಕೇಳ್ತೇನೆ” ಎನ್ನಿ, ಯಾರೂ ಒತ್ತಾಯಿಸುವುದಿಲ್ಲ. ಮನೆಯವರು ಜೊತೆಗೆ ಬರುವುದಾದರೆ ಅದು ‘ಓಪನ್’ ಸಭೆಯೇ, ಅಂದರೆ ಕುಡಿತದ ತೊಂದರೆ ಇಲ್ಲದವರೂ ಕೂರಬಹುದೇ ಎಂದು ಕೇಳಿಕೊಳ್ಳಿ.

ಸಭೆ ಮುಗಿಸಿ ಹೊರಡುವಾಗ ಅಲ್ಲಿನ ಇಬ್ಬರು-ಮೂವರ ಫೋನ್ ನಂಬರ್ ಬರೆದುಕೊಳ್ಳಲೇಬೇಕು. ಸಂಜೆ ಕುಡಿಯಬೇಕೆನಿಸಿದಾಗ, ಗ್ಲಾಸ್ ಹಿಡಿಯುವ ಮೊದಲೇ ಆ ನಂಬರಿಗೆ ಕರೆ ಹೋಗಬೇಕು. ನಡುವೆ ಕುಡಿದುಬಿಟ್ಟರೂ ಮುಂದಿನ ಸಭೆ ತಪ್ಪಿಸಬೇಡಿ.