ಜಲ್ಲಿಯೇ ಫಿಲ್ಟರ್: ಅಂಡರ್‌ಗ್ರ್ಯಾವೆಲ್ ಜೋಡಿಸುವುದು, ನೋಡಿಕೊಳ್ಳುವುದು ಹೇಗೆ?

ಅಂಗಡಿಯಲ್ಲಿ ಮೀನಿನ ತೊಟ್ಟಿಗೆಂದು ಅಂಡರ್‌ಗ್ರ್ಯಾವೆಲ್ (ಜಲ್ಲಿಯಡಿಯ) ಫಿಲ್ಟರ್ ಕೇಳಿದರೆ ಕೈಗೆ ಬರುವುದು ತೂತುಗಳಿರುವ ಪ್ಲಾಸ್ಟಿಕ್ ತಟ್ಟೆಗಳು, ಒಂದೆರಡು ಪೈಪು, ಅಷ್ಟೇ. ಸ್ಪಂಜಿಲ್ಲ, ಮೋಟಾರಿಲ್ಲ. ಇಷ್ಟು ಅಗ್ಗದ ವಸ್ತು ನೀರನ್ನು ಹೇಗೆ ಶುದ್ಧ ಮಾಡೀತು ಎಂಬ ಅನುಮಾನ ಸಹಜ. ನಿಜಕ್ಕೂ ತಟ್ಟೆ ಏನನ್ನೂ ಸೋಸುವುದಿಲ್ಲ. ಕೆಲಸವೆಲ್ಲ ಅದರ ಮೇಲೆ ಹಾಸುವ ಜಲ್ಲಿಯದು. ಇದನ್ನು ಮರೆತು ಜಲ್ಲಿಯನ್ನು ಬರೀ ಅಲಂಕಾರ ಎಂದುಕೊಂಡವರ ತೊಟ್ಟಿಯೇ ಕೆಲವು ತಿಂಗಳಲ್ಲಿ ನಾರಲು ಶುರುವಾಗುವುದು.

ತಟ್ಟೆ ತೊಟ್ಟಿಯ ತಳದಿಂದ ಒಂದೆರಡು ಸೆಂ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ಅದರ ಮೂಲೆಯಲ್ಲಿ ನೆಟ್ಟಗೆ ನಿಂತ ಪೈಪಿನೊಳಕ್ಕೆ ಏರ್ ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ತೂತುಗಳ ಕಲ್ಲು) ಇಳಿಬಿಟ್ಟು ಗಾಳಿ ಹಾಯಿಸಿದರೆ ಗುಳ್ಳೆಗಳು ನೀರನ್ನೂ ಜೊತೆಗೆ ಮೇಲಕ್ಕೆ ಒಯ್ಯುತ್ತವೆ. ಆ ಜಾಗಕ್ಕೆ ತಟ್ಟೆಯಡಿಯ ನೀರು ಬರುತ್ತದೆ, ಅದರ ಜಾಗ ತುಂಬಲು ತೊಟ್ಟಿಯ ನೀರು ಜಲ್ಲಿಯ ಸಂದುಗಳಲ್ಲಿ ಕೆಳಗಿಳಿಯುತ್ತದೆ. ಮೀನಿನ ಕಿವಿರು, ಹಿಕ್ಕೆ, ಕೊಳೆತ ಆಹಾರ ಇವೆಲ್ಲದರಿಂದ ನೀರಿಗೆ ಸೇರುವ ಅಮೋನಿಯಾವನ್ನು ಜಲ್ಲಿಯ ಮೈಗೆ ಅಂಟಿಕೊಂಡಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಸುತ್ತದೆ, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಆಗಿಸುತ್ತದೆ. ಮೊದಲೆರಡು ಸ್ವಲ್ಪವಿದ್ದರೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ, ನೀರು ಬದಲಿಸಿದಾಗ ಹೊರಹೋಗುತ್ತದೆ. ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕೇಬೇಕು, ಅದು ಅವುಗಳಿಗೆ ತಲುಪುವುದು ಹರಿಯುವ ನೀರಿನಲ್ಲಿ ಮಾತ್ರ. ಹರಿವು ನಿಂತ ಕಡೆ ಫಿಲ್ಟರೂ ನಿಂತಿತು.

ಬೇಕಾಗುವ ಸಾಮಾನು

ಮನೆಗಳಲ್ಲಿ ಸಾಮಾನ್ಯವಾದ 24×12×15 ಇಂಚಿನ ತೊಟ್ಟಿಯನ್ನೇ ಲೆಕ್ಕಕ್ಕೆ ಹಿಡಿಯೋಣ. ಅಂಚಿನವರೆಗೆ ತುಂಬಿದರೆ 70 ಲೀಟರ್. ಜಲ್ಲಿ ಹಾಕಿ, ಮೇಲೆ ಸ್ವಲ್ಪ ಖಾಲಿ ಬಿಟ್ಟರೆ ಉಳಿಯುವುದು 55 ಲೀಟರ್ ಆಸುಪಾಸು. ಇದಕ್ಕೆ ತಳವನ್ನು ಪೂರ್ತಿ ಮುಚ್ಚುವಷ್ಟು ತಟ್ಟೆ, ಹಿಂದಿನ ಎರಡು ಮೂಲೆಗೆ ಒಂದಿಂಚು ದಪ್ಪದ ಎರಡು ಪೈಪು, ಎರಡು ಬಾಯಿಯ ಏರ್ ಪಂಪ್, ಎರಡು ಏರ್ ಸ್ಟೋನ್, ಗಾಳಿ ಟ್ಯೂಬ್, ಪ್ರತಿ ಟ್ಯೂಬಿಗೊಂದು ನಾನ್‌ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಮತ್ತು 16 ಕೆ.ಜಿ.ಯಷ್ಟು ಜಲ್ಲಿ ಬೇಕು. ಕೆಲವು ಕಂಪನಿಗಳು ಪೈಪಿನ ತುದಿಗೆ ಇದ್ದಿಲಿನ ಡಬ್ಬಿಯನ್ನೂ ಕೊಡುತ್ತವೆ. ಅದು ಹರಿವಿಗೆ ಅಡ್ಡ ಬರುವುದೇ ಹೆಚ್ಚು, ತೆಗೆದಿಡಿ.

ಹಣ ಉಳಿಸಲು ಹೋಗಬಾರದ ಜಾಗ ಜಲ್ಲಿ. ಕಾಳು 3ರಿಂದ 5 ಮಿ.ಮೀ. ಇರಬೇಕು, ಅಂಚು ನುಣುಪಾಗಿರಬೇಕು. ಮರಳು ತಟ್ಟೆಯ ತೂತಿನಿಂದ ಕೆಳಗಿಳಿದು ಹರಿವನ್ನೇ ಕಟ್ಟಿಹಾಕುತ್ತದೆ. ಗೋಲಿಯಷ್ಟು ದಪ್ಪದ ಕಲ್ಲಾದರೆ ಸಂದುಗಳು ದೊಡ್ಡದಾಗಿ ಆಹಾರದ ತುಣುಕುಗಳು ನೇರ ತಳ ಸೇರಿ ಅಲ್ಲೇ ಕೊಳೆಯುತ್ತವೆ, ಬ್ಯಾಕ್ಟೀರಿಯಾ ಕೂರಲು ಸಿಗುವ ಮೈಯೂ ಕಡಿಮೆ. ಮನೆ ಕಟ್ಟಿ ಉಳಿದ ಬೇಬಿ ಜಲ್ಲಿಯನ್ನು ತೊಳೆದು ಹಾಕುವವರಿದ್ದಾರೆ. ಅದರ ಅಂಚು ಚೂಪು, ತಳ ಕೆದಕಿ ತಿನ್ನುವ ಕೋರಿಡೋರಸ್‌ನಂಥ ಮೀನುಗಳ ಮೀಸೆಗೆ ಗಾಯವಾಗುತ್ತದೆ. ಬೆಳ್ಳಗೆ ಹೊಳೆಯುವ ಅಮೃತಶಿಲೆಯ ಚೂರು, ಕಪ್ಪೆಚಿಪ್ಪಿನ ಪುಡಿ ನೀರಿನ ಗಡಸುತನ ಮತ್ತು ಪಿಎಚ್ (ಆಮ್ಲ-ಕ್ಷಾರದ ಅಳತೆ) ಎರಡನ್ನೂ ಏರಿಸುತ್ತವೆ. ಅನುಮಾನವಿದ್ದರೆ ಒಂದು ಹಿಡಿ ಜಲ್ಲಿಯ ಮೇಲೆ ವಿನೆಗರ್ ಸುರಿಯಿರಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ, ಬೇಡ. ನದಿಯ ಬೆಣಚುಕಲ್ಲಿನ ಜಲ್ಲಿ ಎಲ್ಲಕ್ಕಿಂತ ಒಳ್ಳೆಯದು.

ಜೋಡಣೆ

ಮೊದಲು ಜಲ್ಲಿ ತೊಳೆಯಿರಿ. ಬಕೆಟಿಗೆ ಎರಡು ಮೂರು ಕೆ.ಜಿ. ಹಾಕಿ, ಕೈಯಾಡಿಸಿ, ಕೆಂಪು ನೀರು ಚೆಲ್ಲಿ, ನೀರು ತಿಳಿಯಾಗುವವರೆಗೂ ಮುಂದುವರಿಸಿ. ಸೋಪು, ಡಿಟರ್ಜೆಂಟ್ ಸೋಕಿದ ಬಕೆಟ್ ಇದಕ್ಕೆ ಆಗದು.

ತೊಟ್ಟಿಯನ್ನು ಸ್ಟ್ಯಾಂಡಿನ ಮೇಲೆ ಸಮತಟ್ಟಾಗಿ ಇಟ್ಟ ಮೇಲೆ ತಟ್ಟೆಗಳನ್ನು ಜೋಡಿಸಿ ಒಳಗಿಡಿ. ಅಂಚಿಗೂ ಗಾಜಿಗೂ ನಡುವೆ ಬೆರಳು ತೂರುವಷ್ಟು ಜಾಗ ಉಳಿದರೆ ಜಲ್ಲಿ ಅಲ್ಲಿಂದ ತಳಕ್ಕೆ ಜಾರುತ್ತದೆ. ಅಂಥ ಕಡೆ ನೈಲಾನ್ ಸೊಳ್ಳೆಪರದೆಯ ಪಟ್ಟಿ ಮಡಚಿ ತುರುಕಿ. ಪೈಪುಗಳನ್ನು ತಟ್ಟೆಯ ರಂಧ್ರಕ್ಕೆ ಬಿಗಿಯಾಗಿ ಕೂರಿಸಿ. ಇಲ್ಲಿ ಸಡಿಲವಿದ್ದರೆ ಪೈಪು ನೀರನ್ನು ಜಲ್ಲಿಯ ಮೂಲಕ ಎಳೆಯುವ ಬದಲು ಆ ಸಂದಿನಿಂದಲೇ ಎಳೆದುಕೊಳ್ಳುತ್ತದೆ. ಗುಳ್ಳೆ ಚೆನ್ನಾಗಿ ಬರುತ್ತಿದ್ದರೂ ಫಿಲ್ಟರ್ ಸೋಮಾರಿಯಾಗಿರುತ್ತದೆ.

ಈಗ ಜಲ್ಲಿ ಹಾಸಿ: ಮುಂದೆ 5 ಸೆಂ.ಮೀ., ಹಿಂದೆ 7 ಸೆಂ.ಮೀ. ಇದಕ್ಕಿಂತ ಬಹಳ ತೆಳುವಾದರೆ ಬ್ಯಾಕ್ಟೀರಿಯಾಗೆ ಜಾಗ ಸಾಲದು, ಬಹಳ ದಪ್ಪವಾದರೆ ನೀರು ಸಲೀಸಾಗಿ ಇಳಿಯದು. ದೊಡ್ಡ ಚಪ್ಪಟೆ ಕಲ್ಲು, ಪ್ಲಾಸ್ಟಿಕ್ ಕೋಟೆ ಇಟ್ಟರೆ ಅವುಗಳಡಿಯ ಜಲ್ಲಿಗೆ ಹರಿವೇ ಇಲ್ಲ. ಅಲಂಕಾರ ಬೇಕೆಂದರೆ ಕಾಲುಗಳಿರುವ ಮರದ ಬೇರಿನಂಥದ್ದನ್ನು ಆರಿಸಿ.

ಏರ್ ಸ್ಟೋನ್ ಪೈಪಿನಲ್ಲಿ ಎಷ್ಟು ಆಳಕ್ಕಿಳಿದರೆ ಅಷ್ಟು ಒಳ್ಳೆಯದು, ತಟ್ಟೆಗಿಂತ ಒಂದೆರಡು ಸೆಂ.ಮೀ. ಮೇಲಿದ್ದರೆ ಸಾಕು. ಪೈಪಿನ ಬಾಯಿ ನೀರಿನ ಮಟ್ಟದ ಹತ್ತಿರವೇ ಇರಲಿ. ನೀರಿನಿಂದ ಬಹಳ ಮೇಲೆ ಚಾಚಿದ್ದರೆ ಗುಳ್ಳೆಗಳಿಗೆ ಅಷ್ಟೆತ್ತರಕ್ಕೆ ನೀರೆತ್ತುವ ಶಕ್ತಿ ಇರುವುದಿಲ್ಲ, ಗರಗಸದಿಂದ ಕೊಯ್ದುಬಿಡಿ. ಏರ್ ಪಂಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೆ ತೂಗುಹಾಕಿ. ಕೆಳಗೇ ಇಡಬೇಕಾದರೆ ನಾನ್‌ರಿಟರ್ನ್ ವಾಲ್ವ್ ಕಡ್ಡಾಯ. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಟ್ಯೂಬಿನಲ್ಲಿ ಹಿಂದಕ್ಕಿಳಿದು ಪಂಪಿನೊಳಗೆ, ಆಮೇಲೆ ನೆಲಕ್ಕೆ ಹರಿಯುತ್ತದೆ.

ಜಲ್ಲಿಯ ಮೇಲೊಂದು ಊಟದ ತಟ್ಟೆಯಿಟ್ಟು ಅದರ ಮೇಲೆ ನಿಧಾನವಾಗಿ ನೀರು ಸುರಿಯಿರಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯದೆ ಹಾಕಬೇಡಿ, ಅದು ಮೀನನ್ನೂ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಅಂಗಡಿಯ ಆ್ಯಂಟಿ ಕ್ಲೋರಿನ್ ಹನಿಯನ್ನು ಬಾಟಲಿಯ ಮೇಲಿನ ಅಳತೆಯಲ್ಲಿ ಬೆರೆಸಿ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಕಾಟವಿಲ್ಲ, ಆದರೆ ಪಿಎಚ್ ಹೆಚ್ಚಿರುವ ನೀರಿನಲ್ಲಿ ಅಷ್ಟೇ ಪ್ರಮಾಣದ ಅಮೋನಿಯಾ ಹೆಚ್ಚು ವಿಷಕಾರಿಯಾಗುತ್ತದೆ ಎಂಬುದು ನೆನಪಿರಲಿ.

ಮೊದಲ ಆರು ವಾರ

ಫಿಲ್ಟರ್ ಓಡುತ್ತಿದೆ ಎಂದರೆ ಸಿದ್ಧವಾಗಿದೆ ಎಂದಲ್ಲ. ಬ್ಯಾಕ್ಟೀರಿಯಾ ಜಲ್ಲಿಯಲ್ಲಿ ನೆಲೆಯಾಗಲು 4ರಿಂದ 6 ವಾರ ಬೇಕು. ಮೊದಲ ದಿನವೇ ಇಪ್ಪತ್ತು ಮೀನು ತಂದು ಬಿಟ್ಟು, ಹತ್ತನೇ ದಿನಕ್ಕೆ ಅರ್ಧ ಸತ್ತವೆಂದು ಅಂಗಡಿಯವನನ್ನು ಬೈಯುವುದು ಇಲ್ಲಿ ಮಾಮೂಲು. ಆರಂಭಕ್ಕೆ ಮೂರು ನಾಲ್ಕು ಗಪ್ಪಿ ಅಥವಾ ಜೀಬ್ರಾ ಡಾನಿಯೋ ಸಾಕು. ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಅಮೋನಿಯಾ, ನೈಟ್ರೈಟ್ ಪರೀಕ್ಷೆಯ ಕಿಟ್ ಕೊಂಡರೆ ಊಹೆಯ ಕೆಲಸ ತಪ್ಪುತ್ತದೆ: ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಯಾದ ಮೇಲೆ ವಾರಕ್ಕೆ ಎರಡು ಮೂರರಂತೆ ಮೀನು ಸೇರಿಸಿ. ನಡುವೆ ಯಾವುದಾದರೂ ತೀರ ಏರಿದರೆ ಕಾಲು ಭಾಗ ನೀರು ಬದಲಿಸಿ. ಕಾಯುವ ಅವಧಿ ಕಡಿಮೆಯಾಗಬೇಕೆಂದರೆ, ರೋಗವಿಲ್ಲದ ಹಳೆಯ ತೊಟ್ಟಿಯಿಂದ ಎರಡು ಹಿಡಿ ಜಲ್ಲಿ ತಂದು, ಒಣಗಲು ಬಿಡದೆ, ನಿಮ್ಮ ಜಲ್ಲಿಯ ಮೇಲೆ ಹರಡಿ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾಗಿಂತ ಇದರ ಮೇಲೆ ಭರವಸೆ ಇಡಬಹುದು.

ಗಸಿ ತೆಗೆಯುವುದು

ವಾರಕ್ಕೊಮ್ಮೆ ಸೈಫನ್ ಪೈಪಿನ (ತೊಟ್ಟಿಯ ನೀರನ್ನು ಕೆಳಗಿನ ಬಕೆಟಿಗೆ ತಾನಾಗಿ ಎಳೆದು ಹರಿಸುವ ಕೊಳವೆ) ಅಗಲ ಬಾಯಿಯನ್ನು ಜಲ್ಲಿಯೊಳಕ್ಕೆ ಚುಚ್ಚಿ. ಜಲ್ಲಿ ಪೈಪಿನಲ್ಲಿ ಮೇಲೆದ್ದು ಹೊರಳುತ್ತದೆ, ಕಂದು ಗಸಿ ಬಕೆಟಿಗೆ ಹೋಗುತ್ತದೆ. ಪೈಪನ್ನು ಚಿವುಟಿದರೆ ಜಲ್ಲಿ ಅಲ್ಲೇ ಬೀಳುತ್ತದೆ. ಒಂದು ವಾರ ಎಡಭಾಗ, ಮುಂದಿನ ವಾರ ಬಲಭಾಗ. ಪ್ರತಿ ಸಲ 12ರಿಂದ 14 ಲೀಟರ್ ನೀರು ತೆಗೆದು ಅಷ್ಟೇ ಹೊಸ ನೀರು ಹಾಕಿ. ಅಪ್ಪಿತಪ್ಪಿಯೂ ಜಲ್ಲಿಯನ್ನೆಲ್ಲ ಹೊರತೆಗೆದು ನಲ್ಲಿ ಕೆಳಗೆ ತೊಳೆಯಬೇಡಿ. ತೊಟ್ಟಿ ಫಳಫಳ ಹೊಳೆಯುತ್ತದೆ, ಬ್ಯಾಕ್ಟೀರಿಯಾ ಮೋರಿ ಸೇರಿರುತ್ತದೆ.

ಎರಡು ಮೂರು ತಿಂಗಳಿಗೊಮ್ಮೆ ಏರ್ ಸ್ಟೋನ್ ಹೊರಗೆಳೆದು, ಆ ಪೈಪಿನೊಳಕ್ಕೆ ಸಣ್ಣ ಟ್ಯೂಬ್ ಇಳಿಸಿ ತಟ್ಟೆಯಡಿಯ ಹೂಳನ್ನೂ ಸೈಫನ್ ಮಾಡಿ. ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದು.

ಗುಳ್ಳೆ ಸಣ್ಣಗಾಗಿದ್ದರೆ ಮೊದಲು ಏರ್ ಸ್ಟೋನ್ ಬದಲಿಸಿ ನೋಡಿ, ಅದರ ತೂತುಗಳು ಕಟ್ಟಿಕೊಳ್ಳುವುದು ಸಾಮಾನ್ಯ. ಆಮೇಲೂ ಸರಿಹೋಗದಿದ್ದರೆ ಪಂಪಿನ ರಬ್ಬರ್ ಹರಿದಿರಬಹುದು. ಜಲ್ಲಿಯಲ್ಲಿ ಕಪ್ಪು ಕಲೆ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ನೀರು ಹಾಯುತ್ತಿಲ್ಲ. ಒಂದೇ ದಿನ ಪೂರ್ತಿ ಕದಡದೆ ಆ ಜಾಗವನ್ನು ಸ್ವಲ್ಪ ಸ್ವಲ್ಪವಾಗಿ ಸೈಫನ್ ಮಾಡಿ.

ಕರೆಂಟ್ ಒಂದೆರಡು ಗಂಟೆ ಹೋದರೆ ಚಿಂತೆಯಿಲ್ಲ. ರಾತ್ರಿಯಿಡೀ ಹೋದರೆ ತಟ್ಟೆಯಡಿಯ ನೀರಿನಲ್ಲಿ ಆಮ್ಲಜನಕ ಮುಗಿದು ಕೊಳೆ ತುಂಬಿರುತ್ತದೆ. ಕರೆಂಟ್ ಬಂದ ತಕ್ಷಣ ಪಂಪ್ ಹಾಕಿದರೆ ಅದೆಲ್ಲ ಮೀನಿನ ಮೈಮೇಲೆ ಬರುತ್ತದೆ. ಮೊದಲು ಪೈಪಿನ ಮೂಲಕ ಐದಾರು ಲೀಟರ್ ಸೈಫನ್ ಮಾಡಿ ಚೆಲ್ಲಿ, ಬಳಿಕ ಪಂಪ್ ಹಾಕಿ. ವಿದ್ಯುತ್ ಕೈಕೊಡುವ ಊರಾದರೆ ಒಂದು ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ. ಮೀನಿಗೆ ಕಾಯಿಲೆ ಬಂದಾಗ ಆ್ಯಂಟಿಬಯಾಟಿಕ್, ಮಿಥಿಲೀನ್ ಬ್ಲೂಗಳನ್ನು ಈ ತೊಟ್ಟಿಗೇ ಹಾಕಬೇಡಿ, ಜಲ್ಲಿಯ ಬ್ಯಾಕ್ಟೀರಿಯಾಗೂ ಅವು ಕುತ್ತು. ಬೇರೆ ಟಬ್ಬಿನಲ್ಲಿ ಚಿಕಿತ್ಸೆ ಕೊಡಿ.

ಯಾರಿಗೆ ಬೇಡ?

ಗಪ್ಪಿ, ಮಾಲಿ, ಟೆಟ್ರಾ, ಗೌರಾಮಿಗಳಿಗೆ ಈ ಫಿಲ್ಟರ್ ಧಾರಾಳವಾಗಿ ಸಾಕು. ಆಸ್ಕರ್, ಫ್ಲವರ್‌ಹಾರ್ನ್ ಸಾಕುವವರು ಇದರ ಗೊಡವೆಗೆ ಹೋಗದಿರುವುದು ಮೇಲು. ಅವು ಜಲ್ಲಿ ತೋಡಿ ತಟ್ಟೆ ಬಯಲು ಮಾಡುತ್ತವೆ, ನೀರು ಸುಲಭದ ದಾರಿ ಹಿಡಿದು ಬರೀ ತಟ್ಟೆಯ ತೂತಿಗೆ ನುಗ್ಗುತ್ತದೆ, ಉಳಿದ ಜಲ್ಲಿಗೆ ಹರಿವು ತಪ್ಪುತ್ತದೆ. ಸಣ್ಣಪುಟ್ಟದಾಗಿ ಕೆದಕುವ ಮೀನಾದರೆ ಜಲ್ಲಿಯ ನಡುಮಟ್ಟದಲ್ಲಿ ನೈಲಾನ್ ಬಲೆ ಹಾಸಿ ತಡೆಯಬಹುದು. ಗೋಲ್ಡ್‌ಫಿಶ್‌ನ ಹೊಲಸು ಹೆಚ್ಚು, ಇದೊಂದರಿಂದ ಸಾಗದು, ಜೊತೆಗೆ ಸ್ಪಂಜ್ ಫಿಲ್ಟರ್ ಬೇಕು. ಬೇರೂರುವ ಗಿಡಗಳೂ ಇಲ್ಲಿ ಅಷ್ಟಾಗಿ ಹಬ್ಬುವುದಿಲ್ಲ, ಬೇರು ತಟ್ಟೆಯ ತೂತಿಗಿಳಿದರೆ ಹರಿವಿಗೂ ಅಡ್ಡಿ. ಅನೂಬಿಯಾಸ್, ಜಾವಾ ಫರ್ನ್‌ಗಳನ್ನು ಮರದ ತುಂಡಿಗೆ ದಾರದಿಂದ ಕಟ್ಟಿ ಬೆಳೆಸಿ.

ಮುಂದೆಂದಾದರೂ ಬೇರೆ ಫಿಲ್ಟರಿಗೆ ಬದಲಾಗುವಿರಾದರೆ ಹೊಸದನ್ನು ಹಳೆಯದರ ಜೊತೆಗೇ ಕನಿಷ್ಠ ಆರು ವಾರ ಓಡಿಸಿ. ಬಳಿಕ ಮೀನುಗಳನ್ನು ತೊಟ್ಟಿಯದೇ ನೀರು ತುಂಬಿದ ಟಬ್ಬಿಗೆ ಸಾಗಿಸಿ ತಟ್ಟೆ ಎತ್ತಿ. ಅದರಡಿಯ ಕಪ್ಪು ಹೂಳನ್ನು ಪೂರ್ತಿ ಬಳಿದು ತೆಗೆಯದೆ ಮೀನುಗಳನ್ನು ವಾಪಸ್ ಬಿಡಬೇಡಿ.