ನಂದಿಬೆಟ್ಟದ ಮಳೆಗಾಲಕ್ಕೆ ಸಣ್ಣ ಕಾರಿನ ಟೈರ್ ಆಯ್ಕೆ

ಚಿಕ್ಕಬಳ್ಳಾಪುರದ ಸುತ್ತಮುತ್ತ ಓಡಾಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರಗಳಿಂದಲೇ ಚಲಿಸುವಂಥವು; ಎಂಜಿನ್ನಿನ ಎಳೆತ, ಸ್ಟೀರಿಂಗಿನ ತಿರುವು ಮತ್ತು ಬ್ರೇಕಿನ ಹೆಚ್ಚಿನ ಹೊರೆ ಮೂರೂ ಮುಂದಿನ ಟೈರುಗಳ ಮೇಲೆ ಬೀಳುವುದರಿಂದ ಅವು ಬೇಗ ಸವೆಯುತ್ತವೆ. ಟ್ರೆಡ್‌ನ, ಅಂದರೆ ರಸ್ತೆಗೆ ತಾಗುವ ಟೈರಿನ ಮೈಯಲ್ಲಿರುವ ಕಾಲುವೆಗಳ, ಆಳ 1.6 ಮಿ.ಮೀ. ಇದ್ದರೆ ಕಾನೂನಿಗೆ ಸಾಕು, ಆದರೆ ಬೆಟ್ಟದ ತಿರುವುಗಳಲ್ಲಿ ಮಳೆನೀರು ಹರಿಯುವಾಗ ಅದು ಸಾಲದು, 3 ಮಿ.ಮೀ.ಗೆ ಇಳಿದಾಗಲೇ ಬದಲಾಯಿಸುವುದು ವಿವೇಕವೆಂದು ನನ್ನ ಅಭಿಪ್ರಾಯ.

ಅಳತೆಯನ್ನು ಕಾರಿನ ಕೈಪಿಡಿಯಲ್ಲಿರುವಂತೆಯೇ ಇಟ್ಟುಕೊಳ್ಳಿ. ನೋಟ ಚೆನ್ನಾಗಿರುತ್ತದೆಂದು ಅಗಲವಾದ ಟೈರು ಹಾಕಿಸಿದರೆ, ನಿಂತ ನೀರಿನ ಮೇಲೆ ಅದು ಇನ್ನೂ ಸುಲಭವಾಗಿ ತೇಲುತ್ತದೆ. ಟೈರಿನ ಸುತ್ತಲೂ ಸಾಗುವ ಆಳವಾದ ಉದ್ದನೆಯ ಕಾಲುವೆಗಳಿರುವ ವಿನ್ಯಾಸ ನೀರನ್ನು ಬೇಗ ಹೊರದೂಡುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ತಯಾರಿಕಾ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನು ಅಂಗಡಿಯಲ್ಲಿಯೇ ಓದಿ: 2324 ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದದ್ದು.

ಎರಡೇ ಟೈರು ಕೊಳ್ಳುವವರು ಅವನ್ನು ಮುಂದಕ್ಕೆ ಹಾಕಿಸಲು ಬಯಸುವುದು ಸಹಜ, ಅಂಗಡಿಯವರೂ ಹಾಗೆಯೇ ಮಾಡುವುದುಂಟು. ದಯವಿಟ್ಟು ಒಪ್ಪಬೇಡಿ. ಹಿಂದಿನ ಟೈರುಗಳನ್ನು ಮುಂದಕ್ಕೆ ತಂದು, ಹೊಸವನ್ನು ಹಿಂದಕ್ಕೆ ಹಾಕಿಸಿ. ಮುಂಭಾಗ ಜಾರಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಹಿಡಿತ ಸಾಮಾನ್ಯವಾಗಿ ಮರಳುತ್ತದೆ. ಇಳಿಜಾರಿನ ತಿರುವಿನಲ್ಲಿ ಹಿಂಭಾಗ ಜಾರಿದರೆ ಕಾರೇ ಗಿರ್ರನೆ ತಿರುಗಿಬಿಡುತ್ತದೆ, ಅದನ್ನು ಸರಿಪಡಿಸುವುದು ನುರಿತವರಿಗೂ ಕಷ್ಟ.

ಗಾಳಿಯ ಒತ್ತಡವನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವ ಅಂಕಿಗೆ ಹೊಂದಿಸಿ.