ಟ್ಯೂಬ್ ಹಾಕುವ ಮುಂಚಿನ ಮೂರು ನಿಮಿಷ

ಅರಿವಳಿಕೆ ಕೊಡುವಾಗ ಒಂದು ಕೆಲಸಕ್ಕೆ ಮಾತ್ರ ನಾನು ಅವಸರ ಮಾಡುವುದಿಲ್ಲ. ನಿದ್ದೆಯ ಔಷಧಿಗೆ ಮೊದಲು ಮಾಸ್ಕ್‌ನಲ್ಲಿ ಪೂರ್ತಿ ಆಕ್ಸಿಜನ್ ಕೊಡುವುದು. ಸರ್ಜನ್ ಕೈ ತೊಳೆದು ನಿಂತಿದ್ದರೂ ಮೂರು ನಿಮಿಷ ಕೊಟ್ಟೇ ಕೊಡುತ್ತೇನೆ.

ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಎರಡು, ಎರಡೂವರೆ ಲೀಟರ್ ಗಾಳಿ ಉಳಿದಿರುತ್ತದೆ. ಅದರಲ್ಲಿ ಜಾಸ್ತಿ ಇರುವುದು ನೈಟ್ರೋಜನ್. ಅದನ್ನು ಹೊರಗೆ ಕಳಿಸಿ ಆಕ್ಸಿಜನ್ ತುಂಬಿಟ್ಟರೆ, ಔಷಧಿಗೆ ಉಸಿರು ನಿಂತ ಮೇಲೆ ಶ್ವಾಸನಾಳಕ್ಕೆ ಟ್ಯೂಬ್ ಹಾಕುವವರೆಗೆ ದೇಹಕ್ಕೆ ಅದೇ ಬಂಡವಾಳ. ಖರ್ಚು ನಿಮಿಷಕ್ಕೆ ಸುಮಾರು 250 ಮಿ.ಲೀ. ಚೆನ್ನಾಗಿ ತುಂಬಿದ್ದರೆ ಆರೋಗ್ಯವಂತರಲ್ಲಿ ಏಳೆಂಟು ನಿಮಿಷ ಸಿಗುತ್ತದೆ. ತುಂಬದಿದ್ದರೆ ಒಂದೆರಡು ನಿಮಿಷಕ್ಕೇ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಇಳಿಯಲು ಶುರು.

ಆದರೆ ನಾನು ನಂಬುವುದು ಗಡಿಯಾರವನ್ನಲ್ಲ, ಮಾನಿಟರ್ ಅನ್ನು. ಬಿಟ್ಟ ಉಸಿರಿನಲ್ಲಿ ಆಕ್ಸಿಜನ್ 90% ದಾಟಬೇಕು. 80ರ ಹತ್ತಿರ ನಿಂತುಬಿಟ್ಟರೆ ಮಾಸ್ಕ್ ಎಲ್ಲೋ ಸೋರುತ್ತಿದೆ ಅಂತ ಲೆಕ್ಕ. ಗಡ್ಡ ಇದ್ದವರಲ್ಲಿ, ಹಲ್ಲಿಲ್ಲದವರಲ್ಲಿ ಇದು ಮಾಮೂಲು. ಆಗ ಉಸಿರಿನ ಜೊತೆ ಮಾಸ್ಕ್‌ಗೆ ಸೇರಿದ ಬ್ಯಾಗ್ ಸರಿಯಾಗಿ ಆಡುವುದಿಲ್ಲ, ಮಾನಿಟರ್‌ನಲ್ಲಿ ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಗೆರೆಯೂ ಕುಗ್ಗುತ್ತದೆ. ಎರಡೂ ಕೈಯಲ್ಲಿ ಮಾಸ್ಕ್ ಹಿಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮೈ ದಪ್ಪ ಇರುವವರಲ್ಲಿ ಇಷ್ಟು ಸಾಲದು. 160 ಸೆಂ.ಮೀ. ಎತ್ತರ, 95 ಕೆ.ಜಿ. ತೂಕದ ಒಬ್ಬರಿಗೆ ಮಾಸ್ಕ್ ಇಟ್ಟ ಕೂಡಲೇ, "ಉಸಿರು ಕಟ್ಟಿದ ಹಾಗಾಗ್ತಿದೆ ಡಾಕ್ಟ್ರೇ" ಅಂದರು. "ನೀವೇ ಹಿಡ್ಕೊಳ್ಳಿ ಅಮ್ಮಾ, ನಾನು ಇಲ್ಲೇ ಇದೀನಿ" ಅಂತ ಮಾಸ್ಕ್ ಅವರ ಕೈಗೇ ಕೊಟ್ಟೆ. ಟೇಬಲ್‌ನ ತಲೆಭಾಗ 25 ಡಿಗ್ರಿ ಎತ್ತಿಸಿದೆ. ಅಂಗಾತ ಮಲಗಿದರೆ ಹೊಟ್ಟೆ ವಪೆಯನ್ನು (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತುತ್ತದೆ, ಶ್ವಾಸಕೋಶಕ್ಕೆ ಇರುವ ಜಾಗವೂ ಕಡಿಮೆಯಾಗುತ್ತದೆ. ತಲೆ ಎತ್ತಿದ ಮೇಲೆ ಅವರ ಮಾತೇ ಸಲೀಸಾಯಿತು. ನಂಬರ್ 90 ದಾಟಿತು.

ವೆಂಟಿಲೇಟರ್ ಹಾಕುವಾಗ ಅವರ ತೂಕ ನೋಡಲಿಲ್ಲ, ಎತ್ತರ ನೋಡಿದೆ. ದಪ್ಪ ಆದರೆ ಶ್ವಾಸಕೋಶ ಬೆಳೆಯುವುದಿಲ್ಲ ಅಲ್ವಾ? ಎತ್ತರದ ಲೆಕ್ಕದಲ್ಲಿ ಅವರದು ಸುಮಾರು 52 ಕೆ.ಜಿ. ಕೆ.ಜಿ.ಗೆ 7 ಮಿ.ಲೀ. ಅಂದರೆ ಒಂದು ಉಸಿರಿಗೆ 365ರ ಆಸುಪಾಸು. ತೂಕ ಹಿಡಿದು ಕೊಟ್ಟಿದ್ದರೆ 665 ಆಗುತ್ತಿತ್ತು, ಶ್ವಾಸಕೋಶಕ್ಕೆ ಅದು ಸುಮ್ನೆ ಪೆಟ್ಟು. ಅರಿವಳಿಕೆಯಲ್ಲಿ ಬೆನ್ನಿನ ಕಡೆಯ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ಅವು ತೆರೆದಿರಲಿ ಅಂತ ಪೀಪ್, ಅಂದರೆ ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ, 8ಕ್ಕೆ ಇಟ್ಟೆ; ಅದು ರಕ್ತದೊತ್ತಡ ಇಳಿಸಬಹುದು ಅಂತ ಅದರ ಮೇಲೂ ಕಣ್ಣಿಟ್ಟಿದ್ದೆ.

ಟ್ಯೂಬ್ ತೆಗೆಯುವಾಗಲೂ ತಲೆ ಎತ್ತರದಲ್ಲೇ ಇತ್ತು. ಸ್ನಾಯು ಸಡಿಲಿಸುವ ಔಷಧಿ ಇಳಿದಿದೆಯೇ ಅಂತ ನರ್ವ್ ಸ್ಟಿಮ್ಯುಲೇಟರ್‌ನಲ್ಲಿ ನರಕ್ಕೆ ಸಾಲಾಗಿ ನಾಲ್ಕು ಸಣ್ಣ ಕರೆಂಟ್ ಕೊಟ್ಟು ನೋಡಿ, ಮೊದಲನೆಯ ಸೆಳೆತಕ್ಕೆ ನಾಲ್ಕನೆಯದರ ಅನುಪಾತ 0.9 ದಾಟಿದ ಮೇಲೆ, ಅವರು ಕಣ್ಣು ಬಿಟ್ಟು ಹೇಳಿದ್ದು ಕೇಳಿದ ಮೇಲೆ ತೆಗೆದೆ.